ನಿಂತು ಮಾತಾಡಿದವರು: ಡಿಕ್ ಗ್ರೆಗರಿ ಅವರ ಜಮಾ-ಖರ್ಚು

ಬಸ್ಸಲ್ಲಿ, ಮೆಟ್ರೋದಲ್ಲಿ, ಪಾತ್ರೆ ತೊಳೀತಾ, ನಿದ್ದೆ ಬರದೆ ಹಾಸಿಗೆಯಲ್ಲಿ ಹೊರಳಾಡ್ತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ. ಇವತ್ತಿನ ಸಂಚಿಕೆ ಒಬ್ಬ ಸ್ಟ್ಯಾಂಡ್-ಅಪ್ ಕಾಮಿಡಿಯನ್ ಬಗ್ಗೆ. ಆದ್ರೆ ಕಥೆ ಶುರುವಾಗೋದು ಒಂದು ಸೋಫಾದಿಂದ.

1961ನೇ ಇಸವಿ, ಅಮೆರಿಕ. ರಾತ್ರಿ ಹೊತ್ತು ದೇಶಕ್ಕೆ ದೇಶವೇ ನೋಡ್ತಿದ್ದ ಒಂದು ಟಿವಿ ಶೋ ಇತ್ತು, ಅದರ ನಿರೂಪಕ ಜ್ಯಾಕ್ ಪಾರ್. ಅಲ್ಲಿಗೆ ಬಂದ ಕಲಾವಿದರು ಮೊದಲು ನಿಂತುಕೊಂಡು ತಮ್ಮ ಐಟಂ ಮಾಡೋರು. ಆಮೇಲೆ ಪಾರ್ ಅವರನ್ನ ಪಕ್ಕದ ಸೋಫಾಗೆ ಕರೆದು ಮಾತಾಡಿಸೋರು. ಮನೆ, ಮಕ್ಕಳು, ಊರು ಅಂತ ಹರಟೆ. ಆ ಶೋಗೆ ಬನ್ನಿ ಅಂತ ಷಿಕಾಗೋದ ಒಬ್ಬ ಯುವಕನಿಗೆ ಫೋನ್ ಬಂತು. ಹೆಸರು ಡಿಕ್ ಗ್ರೆಗರಿ, ವಯಸ್ಸು 28, ಕಪ್ಪು ಮನುಷ್ಯ. ಯಾವ ಹೊಸ ಕಾಮಿಡಿಯನ್ ಆದ್ರೂ ಕುಣಿದಾಡಬೇಕಾದ ಫೋನ್ ಅದು. ಗ್ರೆಗರಿ ಬರಲ್ಲ ಅಂದುಬಿಟ್ರು.

ಯಾಕೆ? ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಅವರೇ ಹೇಳಿರೋ ಪ್ರಕಾರ, ಕಪ್ಪು ಕಲಾವಿದರಿಗೆ ಅಲ್ಲಿ ಹಾಡೋಕೆ, ಕುಣಿಯೋಕೆ, ನಗಿಸೋಕೆ ಅವಕಾಶ ಇತ್ತು, ಸೋಫಾಗೆ ಮಾತ್ರ ಕರೀತಿರಲಿಲ್ಲ ಅಂತ ಅವರಿಗೆ ಗೊತ್ತಾಗಿತ್ತು. ಕೊನೆಗೆ ಪಾರ್ ತಾವೇ ಫೋನ್ ಮಾಡಿದ್ರು. "ಕೂರಿಸ್ತೀರಾ?" ಅನ್ನೋದೇ ಪ್ರಶ್ನೆ. ಕೂರಿಸ್ತೀನಿ ಅಂತ ಮಾತು ಕೊಟ್ಟ ಮೇಲೇ ಗ್ರೆಗರಿ ಹೋಗಿದ್ದು. ಆವತ್ತು ರಾತ್ರಿ ಬಿಳಿಯರ ಮನೆಮನೆಯ ಟಿವಿಯಲ್ಲಿ ಒಬ್ಬ ಕಪ್ಪು ಅಪ್ಪ ಸೋಫಾದ ಮೇಲೆ ಆರಾಮಾಗಿ ಕೂತು ತನ್ನ ಹೆಂಡತಿ, ಮಗಳ ಬಗ್ಗೆ ಮಾತಾಡಿದರು. ಕಪ್ಪು ಜನರೂ ಮನೆಯಲ್ಲಿ ನಮ್ಮ ಹಾಗೇ ಇರ್ತಾರಾ ಅಂತ ಆಶ್ಚರ್ಯಪಟ್ಟು ಜನ ಕಾಗದ ಬರೆದ್ರಂತೆ.

ನಗಿಸೋದಕ್ಕೆ ಸಿಗೋ ಜಾಗ ಒಂದು, ಮನುಷ್ಯನಾಗಿ ಕೂರೋದಕ್ಕೆ ಸಿಗೋ ಜಾಗ ಇನ್ನೊಂದು. ಈ ಎರಡರ ನಡುವಿನ ದೂರವನ್ನ ದಾಟೋಕೆ ಗ್ರೆಗರಿ ಏನೇನು ಖರ್ಚು ಮಾಡಿದ್ರು ಅನ್ನೋದೇ ಇವತ್ತಿನ ಕಥೆ. ನಾನು ಬಿ.ಕಾಂ. ಓದಿದವಳು. ಇತಿಹಾಸ ಓದುವಾಗಲೂ ಜಮಾ ಎಷ್ಟು, ಖರ್ಚು ಎಷ್ಟು ಅಂತ ನೋಡೋ ಚಟ ಬಿಟ್ಟಿಲ್ಲ. ಸಹಿಸಿಕೊಳ್ಳಿ.

ಮೊದಲು ಹುಟ್ಟೂರಿಗೆ ಹೋಗೋಣ. ಗ್ರೆಗರಿ ಹುಟ್ಟಿದ್ದು 1932ರ ಅಕ್ಟೋಬರ್ 12ರಂದು, ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ಆರ್ಥಿಕ ಮಹಾಕುಸಿತದ ಕಾಲ. ಅಪ್ಪ ಮನೆಯಲ್ಲಿ ಇದ್ದಿದ್ದಕ್ಕಿಂತ ಇಲ್ಲದೇ ಇದ್ದಿದ್ದೇ ಜಾಸ್ತಿ. ಅಮ್ಮ ಲೂಸಿಲ್ ಬಿಳಿಯರ ಮನೆಗಳಲ್ಲಿ ಮನೆಗೆಲಸ ಮಾಡಿ ಮಕ್ಕಳನ್ನ ಸಾಕಿದ್ರು. ಬಡತನವನ್ನ ನೋಡಿ ಬೀದಿ ಹುಡುಗರು ರೇಗಿಸ್ತಿದ್ರು. ಹುಡುಗ ಒಂದು ವಿದ್ಯೆ ಕಲಿತ: ಅವರು ಗೇಲಿ ಮಾಡೋ ಮುಂಚೆ ತನ್ನನ್ನ ತಾನೇ ಗೇಲಿ ಮಾಡಿಕೊಂಡುಬಿಟ್ರೆ ನಗು ತನ್ನ ಕೈಯಲ್ಲಿರುತ್ತೆ. ಹೊಡೆಯೋಕೆ ಬಂದವನು ನಕ್ಕುಬಿಟ್ರೆ ಹೊಡೆಯೋದು ಕಷ್ಟ.

ಇನ್ನೊಂದು ವಿದ್ಯೆ ಓಟ. ಹೈಸ್ಕೂಲಿನಲ್ಲೇ ಒಳ್ಳೆ ಓಟಗಾರ. ಆ ಓಟದಿಂದಲೇ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಕಾಲರ್‌ಶಿಪ್ ಸಿಕ್ತು. ಓದ್ತಿರುವಾಗಲೇ ಅಮ್ಮ ತೀರಿಕೊಂಡ್ರು. 1954ರಲ್ಲಿ ಸೈನ್ಯಕ್ಕೆ ಕರೆ ಬಂತು. ಸೈನ್ಯದ ಪ್ರತಿಭಾ ಸ್ಪರ್ಧೆಗಳಲ್ಲಿ ಜೋಕ್ ಹೇಳಿ ಗೆದ್ದಾಗ, ಇದನ್ನೇ ಕಸುಬು ಮಾಡ್ಕೋಬಹುದಲ್ಲ ಅನ್ನಿಸ್ತು. ಡಿಗ್ರಿ ಮುಗಿಸಲಿಲ್ಲ, ಷಿಕಾಗೋಗೆ ಬಂದ್ರು.

ಹಗಲು ಪೋಸ್ಟ್ ಆಫೀಸಿನಲ್ಲಿ ಕಾಗದ ವಿಂಗಡಿಸೋ ಕೆಲಸ, ರಾತ್ರಿ ಕಪ್ಪು ಜನರ ಕ್ಲಬ್ಬುಗಳಲ್ಲಿ ಕಾಮಿಡಿ. ಮಿಸಿಸಿಪ್ಪಿ ಅಂದ್ರೆ ಕಪ್ಪು ಜನರ ಮೇಲಿನ ದಬ್ಬಾಳಿಕೆಗೆ ಕುಖ್ಯಾತವಾದ ದಕ್ಷಿಣದ ರಾಜ್ಯ. ಆ ರಾಜ್ಯಕ್ಕೆ ಹೋಗೋ ಕಾಗದಗಳನ್ನ ನಾನು ವಿದೇಶದ ಗೂಡಿಗೆ ಹಾಕ್ತಿದ್ದೆ ಅಂತ ಅವರು ಆಮೇಲೆ ಹೇಳಿಕೊಂಡು ನಗಿಸ್ತಿದ್ರು. ತಮ್ಮದೇ ಒಂದು ಕ್ಲಬ್ ತೆರೆದ್ರು, ಅದು ನಷ್ಟದಲ್ಲಿ ಮುಳುಗಿತು. 1959ರಲ್ಲಿ ಲಿಲಿಯನ್ ಸ್ಮಿತ್ ಅವರನ್ನ ಮದುವೆಯಾದ್ರು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇಲ್ಲಿ ಆಗಿನ ಮಾರ್ಕೆಟ್ ಅರ್ಥ ಮಾಡ್ಕೋಬೇಕು. ಅಮೆರಿಕದ ದಕ್ಷಿಣದಲ್ಲಿ ಜಿಮ್ ಕ್ರೋ ಕಾನೂನುಗಳ ಕಾಲ. ಕಪ್ಪು ಜನರಿಗೆ ಬೇರೆ ಶಾಲೆ, ಬಸ್ಸಲ್ಲಿ ಬೇರೆ ಸೀಟು, ಕುಡಿಯೋ ನೀರಿಗೆ ಬೇರೆ ನಲ್ಲಿ. ನಮ್ಮ ಹಳ್ಳಿ ಹೋಟೆಲುಗಳ ಎರಡು ಲೋಟದ ಪದ್ಧತಿ ಕೇಳಿರೋರಿಗೆ ಇದನ್ನ ಜಾಸ್ತಿ ವಿವರಿಸಬೇಕಿಲ್ಲ. ಉತ್ತರದ ನಗರಗಳಲ್ಲಿ ಕಾನೂನು ಅಷ್ಟು ಕಟ್ಟುನಿಟ್ಟಲ್ಲ, ಆದ್ರೆ ರೂಢಿ ಇತ್ತು. ಮನರಂಜನೆಯಲ್ಲೂ ಎರಡು ಮಾರುಕಟ್ಟೆ. ಮಾಮ್ಸ್ ಮೇಬ್ಲಿ, ರೆಡ್ ಫಾಕ್ಸ್ ಥರದ ದೊಡ್ಡ ಕಪ್ಪು ಹಾಸ್ಯಗಾರರು ಹೆಚ್ಚಾಗಿ ಕಪ್ಪು ಪ್ರೇಕ್ಷಕರ ಕ್ಲಬ್ಬುಗಳಲ್ಲೇ ದುಡೀಬೇಕಿತ್ತು. ದೊಡ್ಡ ದುಡ್ಡು ಇದ್ದಿದ್ದು ಬಿಳಿಯರ ಕ್ಲಬ್ಬುಗಳಲ್ಲಿ. ಅಲ್ಲಿ ಕಪ್ಪು ಕಲಾವಿದ ಹಾಡಬಹುದು, ಕುಣೀಬಹುದು. ಸುಮ್ಮನೆ ನೆಟ್ಟಗೆ ನಿಂತು, ಎದುರಿಗಿರೋ ಬಿಳಿಯನ ಕಣ್ಣಲ್ಲಿ ಕಣ್ಣಿಟ್ಟು, ದೇಶದ ಬಗ್ಗೆ ಅಭಿಪ್ರಾಯ ಹೇಳೋದು ಬೇರೆ ಮಾತು. ಯಾಕಂದ್ರೆ ಅದು ಸಮಾನರು ಮಾಡೋ ಕೆಲಸ. ಮಾರ್ಟ್ ಸಾಲ್, ಲೆನಿ ಬ್ರೂಸ್ ಥರದ ಬಿಳಿಯರು ಆಗಲೇ ರಾಜಕೀಯದ ಬಗ್ಗೆ ಹಾಗೆ ಮಾತಾಡ್ತಿದ್ರು. ಕಪ್ಪು ಮನುಷ್ಯ ಮಾತಾಡಿದ್ರೆ?

1961ರ ಜನವರಿ 13ರಂದು ಅದಕ್ಕೆ ಉತ್ತರ ಸಿಕ್ತು. ಷಿಕಾಗೋದ ಪ್ಲೇಬಾಯ್ ಕ್ಲಬ್ಬಿನಲ್ಲಿ ಆವತ್ತು ಕಾರ್ಯಕ್ರಮ ಕೊಡಬೇಕಿದ್ದ ಹಾಸ್ಯಗಾರ ಅರ್ವಿನ್ ಕೋರಿ ಬರಲಿಲ್ಲ. ಬದಲಿಗೆ ಗ್ರೆಗರಿಗೆ ಕರೆ. ಒಂದು ರಾತ್ರಿಗೆ 50 ಡಾಲರ್. ಅವರು ಹೇಳ್ತಿದ್ದ ಕಥೆ ಹೀಗಿದೆ: ಬಸ್ಸಿಗೆ ಕಾಸು ಸಾಲ ಮಾಡಿ ಹೊರಟ್ರು, ತಪ್ಪು ಸ್ಟಾಪಲ್ಲಿ ಇಳಿದ್ರು, ಷಿಕಾಗೋದ ಕೊರೆಯೋ ಚಳಿಯಲ್ಲಿ ಓಡಿಕೊಂಡೇ ಕ್ಲಬ್ ತಲುಪಿದ್ರು. ಹಳೇ ಓಟ ಅಲ್ಲಿ ಕೆಲಸಕ್ಕೆ ಬಂತು ನೋಡಿ. ಒಳಗೆ ಹೋದ್ರೆ ಮ್ಯಾನೇಜರ್ ಮುಖ ಸಪ್ಪಗೆ. ಯಾಕಂದ್ರೆ ಆವತ್ತಿನ ಪ್ರೇಕ್ಷಕರು ದಕ್ಷಿಣದಿಂದ ಬಂದಿದ್ದ ಬಿಳಿಯರು, ಶೈತ್ಯೀಕರಿಸಿದ ಆಹಾರ ಮಾರೋ ಕಂಪನಿಗಳ ಅಧಿಕಾರಿಗಳು. ಬೇಕಿದ್ರೆ ಇವತ್ತು ಬೇಡ, ದುಡ್ಡು ಕೊಡ್ತೀವಿ ಅಂದ್ರಂತೆ. ಅಷ್ಟು ಓಡಿ ಬಂದವರು ಸುಮ್ಮನೆ ವಾಪಸ್ ಹೋಗ್ತಾರಾ? ಸೀದಾ ವೇದಿಕೆ ಹತ್ತಿದ್ರು.

ಅವರ ಆಗಿನ ಒಂದು ಪ್ರಸಿದ್ಧ ಜೋಕ್ ನನ್ನ ಮಾತಲ್ಲಿ ಹೇಳ್ತೀನಿ. ದಕ್ಷಿಣದ ಒಂದು ಹೋಟೆಲಿಗೆ ಹೋಗ್ತಾರೆ. ಸಪ್ಲೈ ಮಾಡೋ ಹೆಂಗಸು, "ನಾವಿಲ್ಲಿ ಕಪ್ಪು ಜನರಿಗೆ ಬಡಿಸಲ್ಲ" ಅಂತಾಳೆ. ಇಂಗ್ಲಿಷಿನಲ್ಲಿ ಆ ಮಾತಿಗೆ "ಕಪ್ಪು ಜನರನ್ನ ಬಡಿಸಲ್ಲ" ಅನ್ನೋ ಅರ್ಥವೂ ಬರುತ್ತೆ. ಇವರು ತಣ್ಣಗೆ, "ಪರವಾಗಿಲ್ಲಮ್ಮ, ನಾನು ಅವರನ್ನ ತಿನ್ನಲ್ಲ, ಒಂದು ಇಡೀ ಕೋಳಿ ಹುರಿದು ಕೊಡಿ" ಅಂತಾರೆ. ಇದರಲ್ಲಿ ಕೂಗಾಟ ಇಲ್ಲ, ಬೈಗುಳ ಇಲ್ಲ. ಆದ್ರೆ ನಕ್ಕವರು ಯಾರ ಮೇಲೆ ನಗಬೇಕಾಯ್ತು? ಹೋಟೆಲಿನ ನಿಯಮದ ಮೇಲೆ. ಅಂಥದ್ದೇ ಹೋಟೆಲುಗಳಿರೋ ಊರಿಂದ ಬಂದವರೇ ಎದುರಿಗೆ ಕೂತಿದ್ರು. ಶುರುವಿನಲ್ಲಿ ಕೆಲವರು ಕೆಣಕಿದ್ರು. ಗ್ರೆಗರಿ ಅದಕ್ಕೂ ನಗಿಸೋ ಉತ್ತರ ಕೊಟ್ರು. ಒಂದು ಗಂಟೆಯೊಳಗೆ ಮುಗೀಬೇಕಿದ್ದ ಕಾರ್ಯಕ್ರಮ ತುಂಬಾ ಹೊತ್ತು ಬೆಳೀತು. ಮಾಲೀಕ ಹ್ಯೂ ಹೆಫ್ನರ್ ಎರಡನೇ ಶೋಗೆ ಬಂದು ನೋಡಿದ್ರು. ಒಂದು ರಾತ್ರಿಯ ಕೆಲಸ ಕೆಲವು ವಾರಗಳ ಕರಾರಾಯ್ತು. ಮುಂದಿನ ತಿಂಗಳು ಟೈಮ್ ಪತ್ರಿಕೆಯಲ್ಲಿ ಲೇಖನ ಬಂತು. ಆಮೇಲೆ ಜ್ಯಾಕ್ ಪಾರ್ ಕಡೆಯಿಂದ ಫೋನ್, ಆ ಸೋಫಾ.

ಇಲ್ಲಿಗೆ ನಿಲ್ಲಿಸಿದ್ರೆ ಇದು ಮಾಮೂಲಿ ಯಶಸ್ಸಿನ ಕಥೆ. ಬಡ ಹುಡುಗ, ಒಂದು ರಾತ್ರಿ, ಫೇಮಸ್. ರೀಲ್ಸ್ ಮಾಡಿ ಹಿನ್ನೆಲೆ ಸಂಗೀತ ಹಾಕಬಹುದು. ನನಗೆ ಮುಖ್ಯ ಅನ್ನಿಸೋದು ಇದರ ನಂತರದ ಭಾಗ.

ಅಕೌಂಟೆನ್ಸಿ ಓದಿದವರಿಗೆ ಗುಡ್‌ವಿಲ್ ಅನ್ನೋ ಪದ ಗೊತ್ತು. ಅಂಗಡಿಯ ಕಟ್ಟಡ, ಸರಕು, ಗಲ್ಲಾಪೆಟ್ಟಿಗೆ ಎಲ್ಲ ಲೆಕ್ಕ ಹಾಕಿದ ಮೇಲೂ ಉಳಿಯೋ ಬೆಲೆ ಅದು. ಹೆಸರಿಗೆ ಇರೋ ಬೆಲೆ. ಕಾಮಿಡಿಯನ್ ಹತ್ರ ಕಟ್ಟಡವೂ ಇಲ್ಲ, ಸರಕೂ ಇಲ್ಲ, ಇರೋ ಆಸ್ತಿಯೆಲ್ಲ ಗುಡ್‌ವಿಲ್ಲೇ. ಜನ ಅದನ್ನ ಜೋಪಾನ ಮಾಡ್ತಾರೆ, ಬೆಳೆಸ್ತಾರೆ, ಯಾರಿಗೂ ಬೇಜಾರಾಗದ ಹಾಗೆ ನೋಡ್ಕೊಳ್ತಾರೆ. ಗ್ರೆಗರಿ ಅದನ್ನ ತೆಗೆದು ಖರ್ಚು ಮಾಡೋಕೆ ಶುರು ಮಾಡಿದ್ರು.

1962ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರ ಕರೆಗೆ ಓಗೊಟ್ಟು ಮಿಸಿಸಿಪ್ಪಿಯ ಜಾಕ್ಸನ್‌ಗೆ ಹೋಗಿ ಮಾತಾಡಿದ್ರು. ಅದೇ ರಾಜ್ಯದ ಗ್ರೀನ್‌ವುಡ್ ಪಟ್ಟಣದಲ್ಲಿ ಕಪ್ಪು ಜನರನ್ನ ಮತದಾರರ ಪಟ್ಟಿಗೆ ಸೇರಿಸೋ ಕೆಲಸ ನಡೀತಿತ್ತು. ಅದಕ್ಕೆ ಸೇಡು ತೀರಿಸಿಕೊಳ್ಳೋಕೆ ಲೆಫ್ಲೋರ್ ಕೌಂಟಿಯ ಆಡಳಿತ 1962ರ ಕೊನೆಯಲ್ಲಿ ಒಂದು ಕೆಲಸ ಮಾಡಿತು: ಬಡವರಿಗೆ ಕೇಂದ್ರ ಸರ್ಕಾರದಿಂದ ಬರ್ತಿದ್ದ ಆಹಾರ ಧಾನ್ಯ ಹಂಚೋದನ್ನೇ ನಿಲ್ಲಿಸಿತು. ಯೋಚನೆ ಮಾಡಿ, ಚಳಿಗಾಲ, ಹೊಲದಲ್ಲಿ ಕೂಲಿ ಇಲ್ಲ, ರೇಷನ್ನೂ ಬಂದ್. ವೋಟು ಕೇಳಿದ್ದಕ್ಕೆ ಅನ್ನ ಕಿತ್ಕೊಂಡ್ರು. 1963ರ ಫೆಬ್ರುವರಿಯಲ್ಲಿ ಗ್ರೆಗರಿ ವಿಮಾನ ಬಾಡಿಗೆಗೆ ತಗೊಂಡು ಸುಮಾರು 7 ಟನ್ ಆಹಾರ ಕಳಿಸಿದ್ರು. ಏಪ್ರಿಲ್‌ನಲ್ಲಿ ತಾವೇ ಬಂದು ಗ್ರೀನ್‌ವುಡ್ ಬೀದಿಯಲ್ಲಿ ಮೆರವಣಿಗೆಯಲ್ಲಿ ನಡೆದ್ರು. ಅವರು ಬಂದ್ರೆ ಹಿಂದೆಯೇ ಕ್ಯಾಮೆರಾ ಬರ್ತಿತ್ತು. ಕ್ಯಾಮೆರಾ ಇದ್ದ ಕಡೆ ಪೊಲೀಸರ ಲಾಠಿ ಎರಡು ಸಲ ಯೋಚನೆ ಮಾಡ್ತಿತ್ತು. ಗುಡ್‌ವಿಲ್ ಖರ್ಚು ಅಂದ್ರೆ ಇದು.

ಮೇ ತಿಂಗಳಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾಲಾ ಮಕ್ಕಳ ಮೆರವಣಿಗೆ ಜೊತೆ ನಡೆದು ಬಂಧನಕ್ಕೊಳಗಾದ್ರು. ಜೈಲಲ್ಲಿ ಏಟು ತಿಂದ್ರು. ಅದೇ ವರ್ಷ ಅವರ ಕೈಗೂಸು ತೀರಿಕೊಂಡಿತು. ಅದೇ ವರ್ಷ ಲಿಲಿಯನ್, ಹೆಸರು ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ, ಬಸುರಿಯಾಗಿದ್ದಾಗಲೇ ಅಲಬಾಮದ ಸೆಲ್ಮಾದಲ್ಲಿ ಪ್ರತಿಭಟನೆ ಮಾಡಿ ಜೈಲಿಗೆ ಹೋದ್ರು. ಗ್ರೆಗರಿಯ ಕಥೆ ಹೇಳುವಾಗ ಅವರನ್ನ "ಪತ್ನಿ" ಅಂತ ಒಂದೇ ಪದದಲ್ಲಿ ಮುಗಿಸಿಬಿಡ್ತಾರೆ. ಖರ್ಚಿನ ಅರ್ಧ ಭಾಗ ಅವರ ಖಾತೆಯಿಂದಲೂ ಹೋಗಿದೆ.

ಈಗ ಸೆಲ್ಮಾಗೆ ಬರೋಣ. ನನ್ನ ಪ್ರಕಾರ ಗ್ರೆಗರಿಯವರ ಅತಿ ದೊಡ್ಡ ಶೋ ನಡೆದಿದ್ದು ಅಲ್ಲಿ. ಟಿಕೆಟ್ ಇರಲಿಲ್ಲ, ಸ್ಪಾನ್ಸರ್ ಇರಲಿಲ್ಲ. 1963ರ ಅಕ್ಟೋಬರ್ ಮೊದಲ ವಾರ, ಒಂದು ಚರ್ಚ್. ಒಳಗೆ ಕಿಕ್ಕಿರಿದ ಕಪ್ಪು ಜನ. ಕೆಲವು ದಿನಗಳಲ್ಲಿ ಅವರೆಲ್ಲ ಕೋರ್ಟ್ ಕಟ್ಟಡದ ಮುಂದೆ ಸಾಲಾಗಿ ನಿಂತು ಮತದಾರರ ಪಟ್ಟಿಗೆ ಹೆಸರು ಬರೆಸಬೇಕಿತ್ತು. ಹಾಗೆ ನಿಂತವರ ಕೆಲಸ ಹೋಗ್ತಿತ್ತು, ಏಟು ಬೀಳ್ತಿತ್ತು, ಜೈಲಾಗ್ತಿತ್ತು. ಆ ಊರಿನ ಶೆರಿಫ್ ಜಿಮ್ ಕ್ಲಾರ್ಕ್ ಹೆಸರು ಕೇಳಿದ್ರೇ ಜನ ನಡುಗ್ತಿದ್ರು. ಶೆರಿಫ್ ಕಡೆಯವರು ಇಂಥ ಸಭೆಗಳಿಗೆ ಬಂದು ಯಾರು ಏನು ಹೇಳ್ತಾರೆ ಅಂತ ಬರ್ಕೊಳ್ತಿದ್ರು.

ಗ್ರೆಗರಿ ಎದ್ದು ನಿಂತು ಮಾತಾಡಿದ್ರು. ದಕ್ಷಿಣದ ಬಿಳಿಯರ ಅಹಂಕಾರ, ಅವರ ಪೊಲೀಸರು, ಅವರ ಭಯ, ಯಾವುದನ್ನೂ ಬಿಡಲಿಲ್ಲ, ಎಲ್ಲದರ ಮೇಲೂ ಜೋಕ್. ಜನ ಮೊದಲು ಹಿಂದೆ ಮುಂದೆ ನೋಡಿರಬೇಕು. ಆಮೇಲೆ ನಗು ಬಂತು, ಚಪ್ಪಾಳೆ ಬಂತು, ಮತ್ತೆ ಮತ್ತೆ ಬಂತು. ಇತಿಹಾಸಕಾರ ಹೊವರ್ಡ್ ಝಿನ್ ಆ ರಾತ್ರಿ ಅಲ್ಲಿದ್ದು ದಾಖಲಿಸಿದ್ದಾರೆ. ಆ ಪ್ರದೇಶದಲ್ಲಿ ಕಪ್ಪು ಮನುಷ್ಯನೊಬ್ಬ ಬಹಿರಂಗ ವೇದಿಕೆಯಲ್ಲಿ ನಿಂತು ಅಧಿಕಾರದಲ್ಲಿರೋ ಬಿಳಿಯರನ್ನ ಹೀಗೆ ಗೇಲಿ ಮಾಡಿದ್ದು ಯಾರೂ ಕಂಡು ಕೇಳಿದ್ದಲ್ಲ. ಅಕ್ಟೋಬರ್ 7ರಂದು ಮುನ್ನೂರಕ್ಕೂ ಹೆಚ್ಚು ಜನ ಆ ಸಾಲಿನಲ್ಲಿ ಬಂದು ನಿಂತ್ರು.

ನಗಿಸಿದ್ದಕ್ಕೇ ಅವರು ಬಂದ್ರು ಅಂತ ನಾನು ಹೇಳಲ್ಲ. ಸೆಲ್ಮಾದ ಸ್ಥಳೀಯ ಹೋರಾಟಗಾರರು ತಿಂಗಳುಗಟ್ಟಲೆ ಮನೆಮನೆ ಅಲೆದಿದ್ದರ ಫಲ ಅದು. ಆದ್ರೆ ಒಂದು ಮಾತು ನಿಜ. ಭಯ ಕೆಲಸ ಮಾಡೋದು ನಾವು ಒಬ್ಬೊಬ್ಬರೇ ಹೆದರಿಕೊಂಡಿರುವಾಗ. ಐನೂರು ಜನ ಒಟ್ಟಿಗೆ, ಹೆದರಿಸೋನ ಎದುರಲ್ಲೇ, ಗೊಳ್ ಅಂತ ನಕ್ಕರೆ ಪ್ರತಿಯೊಬ್ಬರಿಗೂ ಗೊತ್ತಾಗುತ್ತೆ: ಓ, ಪಕ್ಕದವರಿಗೂ ನನ್ನ ಹಾಗೇ ಅನ್ನಿಸ್ತಿದೆ. ಸೇಂಟ್ ಲೂಯಿಸ್ ಬೀದಿಯಲ್ಲಿ ಒಬ್ಬ ಹುಡುಗ ತನ್ನೊಬ್ಬನ ರಕ್ಷಣೆಗೆ ಕಲಿತ ವಿದ್ಯೆ ಇಲ್ಲಿ ಇಡೀ ಊರಿಗೆ ಸಿಕ್ತು.

ಖರ್ಚು ಮುಂದುವರಿಯಿತು. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಚೇನಿ, ಗುಡ್‌ಮನ್, ಶ್ವೆರ್ನರ್ ಅನ್ನೋ ಮೂವರು ಯುವ ಕಾರ್ಯಕರ್ತರು ಕಾಣೆಯಾದಾಗ, ಸುಳಿವು ಕೊಟ್ಟವರಿಗೆ 25,000 ಡಾಲರ್ ಬಹುಮಾನ ಘೋಷಿಸಿದ್ರು. ಆ ದುಡ್ಡಿಗೆ ನೆರವಾದವರು ಅದೇ ಹೆಫ್ನರ್. ಅದೇ ವರ್ಷ ಅವರ ಆತ್ಮಕಥೆ ಬಂತು. ಕಪ್ಪು ಜನರನ್ನ ಹೀನಾಯವಾಗಿ ಕರೆಯೋ ಬೈಗುಳವನ್ನೇ ಪುಸ್ತಕದ ಹೆಸರಾಗಿ ಇಟ್ಟು, ತೀರಿಹೋದ ಅಮ್ಮನಿಗೆ ಅರ್ಪಿಸಿದ್ರು. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಪ್ರದೇಶ ಹೊತ್ತಿ ಉರೀತಿದ್ದಾಗ ಜನರನ್ನ ಸಮಾಧಾನ ಮಾಡೋಕೆ ಹೋಗಿ ಕಾಲಿಗೆ ಗುಂಡೇಟು ತಿಂದ್ರು. ಗುಂಡು ಬಿದ್ದ ಮೇಲೂ, ಹೊಡೆದಿದ್ದಾಯ್ತಲ್ಲ, ಇನ್ನು ಮನೆಗೆ ಹೋಗಿ ಅಂತ ಜನರಿಗೆ ಗದರಿದ್ರಂತೆ. ಅಹಿಂಸೆಯ ಪಾಠವನ್ನ ಊಟದ ತಟ್ಟೆಗೂ ತಂದು ಸಸ್ಯಾಹಾರಿಯಾದ್ರು. ಕೊಲ್ಲಬೇಡ ಅನ್ನೋದು ಪ್ರಾಣಿಗಳಿಗೂ ಅನ್ವಯಿಸುತ್ತೆ ಅಂತ ಅವರ ವಾದ. ವಿಯೆಟ್ನಾಂ ಯುದ್ಧ ನಿಲ್ಲಿಸಿ ಅಂತ ವಾರಗಟ್ಟಲೆ ಉಪವಾಸ ಕೂತ್ರು.

1968ರಲ್ಲಿ ಅಧ್ಯಕ್ಷ ಸ್ಥಾನಕ್ಕೇ ನಿಂತ್ರು. ಇದು ನನ್ನಂಥ ಕಾಮರ್ಸ್‌ನವರಿಗೆ ಇಷ್ಟವಾಗೋ ಭಾಗ. ಪ್ರಚಾರಕ್ಕೆ ಒಂದು ಡಾಲರ್ ನೋಟಿನ ಹಾಗೇ ಕಾಣೋ ಕರಪತ್ರ ಮಾಡಿಸಿ, ವಾಷಿಂಗ್ಟನ್ ಮುಖದ ಜಾಗದಲ್ಲಿ ತಮ್ಮ ಮುಖ ಹಾಕಿಸಿದ್ರು. ಅದನ್ನ ಚಿಲ್ಲರೆ ಕೊಡೋ ಯಂತ್ರಗಳು ನಿಜವಾದ ನೋಟು ಅಂತ ನುಂಗಿದ್ವು ಅನ್ನೋ ದೂರು ಬಂದು ಸರ್ಕಾರ ಜಪ್ತಿ ಮಾಡಿತು. ಒಟ್ಟು ಸುಮಾರು 47 ಸಾವಿರ ಮತ ಬಿತ್ತು. ಗೆದ್ದವರು ರಿಚರ್ಡ್ ನಿಕ್ಸನ್.

ಅದೇ 1968ರಲ್ಲಿ ಇನ್ನೊಂದು ಕಾಗದವೂ ತಯಾರಾಗಿತ್ತು, ಅದು ಹೊರಗೆ ಬಂದಿದ್ದು ವರ್ಷಗಳ ಮೇಲೆ. ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಕಡೆಯಿಂದ ಹೋದ ಟಿಪ್ಪಣಿ ಅದು. ಗ್ರೆಗರಿ ಮಾಫಿಯಾವನ್ನ ಟೀಕಿಸಿ ಮಾತಾಡಿದ್ದನ್ನ ಮಾಫಿಯಾದವರ ಕಿವಿಗೇ ಮುಟ್ಟಿಸೋದು ಹೇಗೆ ಅಂತ ನೋಡಿ ಅನ್ನೋದು ಅದರ ಸಾರಾಂಶ. ಒಬ್ಬ ಕಾಮಿಡಿಯನ್ ಬಾಯಿ ಮುಚ್ಚಿಸೋಕೆ ದೇಶದ ಅತಿ ದೊಡ್ಡ ತನಿಖಾ ಸಂಸ್ಥೆ ಕೊಲೆಗಡುಕರ ಸಹಾಯದ ಯೋಚನೆ ಮಾಡಿತ್ತು. ಹಾಸ್ಯ ಬರೀ ಟೈಂಪಾಸ್ ಅನ್ನೋರಿಗೆ ಈ ಟಿಪ್ಪಣಿ ತೋರಿಸಬೇಕು.

ಖರ್ಚಿನ ಕಡೆ ಪ್ರಾಮಾಣಿಕವಾಗಿ ಬರೀಬೇಕಾದ ಇನ್ನೂ ಒಂದಿಷ್ಟು ಇದೆ. ಮೆರವಣಿಗೆ, ಜೈಲು ಅಂತ ಕಾರ್ಯಕ್ರಮಗಳು ರದ್ದಾಗ್ತಿದ್ವು, ಆದಾಯ ಹೋಗ್ತಿತ್ತು. 1970ರ ದಶಕದಲ್ಲಿ, ಹೆಂಡ ಹೊಗೆ ಇರೋ ಜಾಗದಲ್ಲಿ ಹಾಡಲ್ಲ ನಗಿಸಲ್ಲ ಅಂತ ನೈಟ್‌ಕ್ಲಬ್ಬುಗಳನ್ನೇ ಬಿಟ್ರು. ಅನ್ನ ಹಾಕಿದ ಕಸುಬನ್ನೇ ಬಿಟ್ಟ ಹಾಗೆ. ಆ ಖಾಲಿ ಜಾಗದಲ್ಲಿ ರಿಚರ್ಡ್ ಪ್ರಯರ್ ಥರದವರು ಬೆಳೆದು ಬೃಹತ್ತಾದ್ರು. ಬಾಗಿಲು ತೆರೆದವರು ಹೊರಗೆ ನಡೆದಿದ್ರು. 1980ರ ದಶಕದಲ್ಲಿ ಬಹಾಮಿಯನ್ ಡಯಟ್ ಅನ್ನೋ ತೂಕ ಇಳಿಸೋ ಪುಡಿಯ ವ್ಯಾಪಾರ ಶುರು ಮಾಡಿದ್ರು. ಚೆನ್ನಾಗಿ ನಡೀತು, ಆಮೇಲೆ ಪಾಲುದಾರರ ಜೊತೆ ಜಗಳವಾಗಿ ಕೈಬಿಟ್ಟಿತು. ಮ್ಯಾಸಚೂಸೆಟ್ಸ್‌ನಲ್ಲಿದ್ದ ಮನೆಯೂ ಹೋಯ್ತು. ಹತ್ತು ಮಕ್ಕಳ ಸಂಸಾರ ಅದು.

ವಯಸ್ಸಾದಂತೆ ಎಲ್ಲದರ ಹಿಂದೆಯೂ ಪಿತೂರಿ ಕಾಣೋ ಸ್ವಭಾವ ಬೆಳೀತು. ಕೆಲವು ಮಾತುಗಳಿಗೆ ಬುಡವೇ ಇರಲಿಲ್ಲ. ಅವರ ಅಭಿಮಾನಿಯಾಗಿ ನಾನು ಇದನ್ನ ಮುಚ್ಚಿಡಲ್ಲ. ಆದ್ರೆ ಹೂವರ್ ಟಿಪ್ಪಣಿ ಓದಿದ ಮೇಲೆ ಸುಲಭವಾಗಿ ನಗೋಕೂ ಆಗಲ್ಲ. ನಿಜವಾಗಿಯೂ ಪಿತೂರಿಗೆ ಗುರಿಯಾದ ಮನುಷ್ಯನಿಗೆ ಯಾವುದು ಪಿತೂರಿ ಅಲ್ಲ ಅಂತ ಗೊತ್ತಾಗೋದು ಹೇಗೆ? ಅದೂ ಒಂದು ಥರದ ಖರ್ಚೇ.

1990ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದ್ರು. ಕೊನೆಯ ವರ್ಷದವರೆಗೂ ಊರೂರು ತಿರುಗಿ ಮಾತಾಡ್ತಿದ್ರು. 2017ರ ಆಗಸ್ಟ್ 19ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡ್ರು. 84 ವರ್ಷ.

ಲೆಕ್ಕ ಮುಗಿಸೋಣ. ದುಡ್ಡಿನ ಪ್ರಕಾರ ನೋಡಿದ್ರೆ ಇದು ನಷ್ಟದ ಕಂಪನಿ. 1961ರಲ್ಲಿ ಕೈಗೆ ಬಂದ ಹೆಸರನ್ನ ಹುಷಾರಾಗಿ ಬಳಸಿದ್ದಿದ್ರೆ ಟಿವಿ, ಸಿನಿಮಾ, ದೊಡ್ಡ ಬಂಗಲೆ ಎಲ್ಲ ಆಗ್ತಿತ್ತು. ನನಗೂ ಇದು ದೂರದ ವಿಷಯ ಅಲ್ಲ. ಸಣ್ಣ ಪಾಡ್‌ಕಾಸ್ಟ್ ನಡೆಸೋ ನನಗೇ, ಜಾಹೀರಾತು ಕೊಡ್ತೀವಿ ಆದ್ರೆ ಜಾತಿ, ರಾಜಕೀಯ ಎಲ್ಲ ಬೇಡ, ಲೈಟಾಗಿರಲಿ ಅಂದವರಿದ್ದಾರೆ. ಲೈಟಾಗಿ ಇರೋಕೆ ದುಡ್ಡು ಸಿಗುತ್ತೆ. ಆಗೆಲ್ಲ ಆ ಸೋಫಾ ನೆನಪಾಗುತ್ತೆ. ಬಂದು ನಗಿಸಿ ಹೋಗು, ಕೂರೋದು ಬೇಡ ಅನ್ನೋ ಮಾತನ್ನ ಎಷ್ಟು ನಯವಾಗಿ ಹೇಳ್ತಾರೆ ನೋಡಿ.

ಬ್ಯಾಲೆನ್ಸ್ ಶೀಟಿನಲ್ಲಿ ಬರೆಯೋಕೆ ಕಾಲಂ ಇಲ್ಲದ ಐಟಂಗಳಿವೆ. ಗ್ರೀನ್‌ವುಡ್‌ನಲ್ಲಿ ಆ ಚಳಿಗಾಲ ಬೆಂದ ಅನ್ನ. ಸೆಲ್ಮಾದ ಚರ್ಚಿನಲ್ಲಿ ಶೆರಿಫ್ ಕಡೆಯವರ ಕಿವಿಗೆ ಬಿದ್ದ ನಗು. ಇವತ್ತು ಜಗತ್ತಿನ ಯಾವುದೋ ಮೂಲೆಯಲ್ಲಿ, ಮೇಲಿನವರ ಎದುರು ಸುಮ್ಮನಿರಬೇಕು ಅಂತ ಕಲಿತು ಬೆಳೆದ ಒಬ್ಬ ಹುಡುಗ, ಒಬ್ಬ ಹುಡುಗಿ ಮೈಕ್ ಹಿಡಿದು, ಹಾಡದೆ ಕುಣಿಯದೆ, ನೆಟ್ಟಗೆ ನಿಂತು ತನ್ನ ಮಾತು ಹೇಳ್ತಿದ್ರೆ, ಆ 50 ಡಾಲರಿನ ರಾತ್ರಿಯ ಬಡ್ಡಿ ಅಲ್ಲಿ ಇನ್ನೂ ಬರ್ತಿದೆ ಅಂತ ನಾನು ಬರ್ಕೊಳ್ತೀನಿ.

ಮುಂದಿನ ಸಲ ಸ್ಟ್ಯಾಂಡ್-ಅಪ್ ಕ್ಲಿಪ್ ಒಂದು ನಿಮ್ಮ ಫೋನಿಗೆ ಬಂದಾಗ ನಗಿ, ಖಂಡಿತ ನಗಿ. ಆಮೇಲೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ನಾನು ಯಾರ ಮೇಲೆ ನಕ್ಕೆ, ಹಸಿದವನ ಮೇಲೋ, ಅವನಿಗೆ ಬಡಿಸಲ್ಲ ಅಂದ ಹೋಟೆಲಿನ ಮೇಲೋ?

ಇವತ್ತಿಗೆ ಇಷ್ಟು. ಇಷ್ಟ ಆದ್ರೆ ಒಬ್ಬರಿಗೆ ಕಳಿಸಿ, ಕೇಳೋ ತಾಳ್ಮೆ ಇರೋರಿಗೆ. ಮತ್ತೆ ಸಿಗೋಣ.